ಚಕ್ರದ ಮೇಲೆ ಕೂತ ಖಾದರ್ ಬಾಷಾ

ಬಾಗಲೂರಿನ ಗೋಪಿ, ಪಂಚರ್ ಅಂಗಡಿಯ ಖಾದರ್ ಬಾಷಾಗೆ ಎರಡು ದಿನದ ಕೂಲಿ ಸಾವಿರದ ಆರುನೂರು ರೂಪಾಯಿ ಕೊಡಬೇಕು. ಆಯುಧಪೂಜೆ ಕಳೆದು ಹದಿನೈದು ದಿನಕ್ಕೆ ಮಾಡಿದ ಕೆಲಸ, ಈಗ ಯುಗಾದಿ ಬಂತು. ಗೋಪಿಯನ್ನು ಕೇಳಿದರೆ, "ಅವನೆಲ್ಲಿ ಕೆಲಸ ಮಾಡ್ದ? ಕೂತಿದ್ದ" ಅಂತಾನೆ. ಕೂತಿದ್ದು ನಿಜ. ಯಾಕೆ ಕೂತಿದ್ದ ಅನ್ನೋದನ್ನ ಗೋಪಿ ಹೇಳಲ್ಲ, ನಾನು ಹೇಳ್ತೀನಿ.

ಖಾದರ್‌ಗೆ ಅರವತ್ತೊಂದು. ಹುಟ್ಟಿದ್ದು ಹಳೇ ಯಲಹಂಕದಲ್ಲಿ. ಅಪ್ಪ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದವರು. ಸುತ್ತಲ ಹಳ್ಳಿಗಳಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಾಗ ಮಗ ಅದೇ ಸುತ್ತಿಗೆ ಹಿಡಿದು ಟಯರ್ ಕೆಲಸಕ್ಕೆ ಬಂದ. ಬಾಗಲೂರು ರಸ್ತೆ ಬದಿಯ ಅವನ ಅಂಗಡಿಯನ್ನು ರಸ್ತೆ ಅಗಲ ಮಾಡೋರು ಮೂರು ಸಲ ಕಿತ್ತಿದ್ದಾರೆ. ಮೂರನೇ ಸಲ ಜೆಸಿಬಿ ಬಂದಾಗ ನಾವೊಂದಷ್ಟು ಜನ ಅಡ್ಡ ಕೂತು ಧಿಕ್ಕಾರ ಕೂಗುತ್ತಿದ್ದೆವು. ಖಾದರ್ ನಮ್ಮ ಜೊತೆ ಕೂರಲಿಲ್ಲ. ಜೆಸಿಬಿ ಹಿಂದಿನ ಟಯರಲ್ಲಿ ಗಾಳಿ ಕಮ್ಮಿ ಇದೆ ಅಂತ ಡ್ರೈವರ್‌ಗೆ ತೋರಿಸಿ, ಗಾಳಿ ಹಿಡಿದು, ನಲವತ್ತು ರೂಪಾಯಿ ಇಸ್ಕೊಂಡ. ಆಮೇಲೆ ತನ್ನ ತಗಡು ತಾನೇ ಬಿಚ್ಚಿದ. ಅಂಥ ಮನುಷ್ಯ.

ಗೋಪಿಯ ಅಪ್ಪ ಚಿಕ್ಕಬೈರಪ್ಪ ದ್ರಾಕ್ಷಿ ಬೆಳೆದವರು. ಈಗ ತೋಟದಲ್ಲಿ ಸೈಟುಗಳಿವೆ, ಚಪ್ಪರದ ಕಲ್ಲುಕಂಬಗಳು ಕಾಂಪೌಂಡಾಗಿವೆ. ಐದು ವರ್ಷದ ಹಿಂದೆ ಗೋಪಿ ಒಂದು ಟ್ರೈಲರ್ ಮನೆ ತಂದ. ಒಳಗೆ ಎರಡು ಮಂಚ, ಒಲೆ, ಕಕ್ಕಸು. ಕೆಳಗೆ ಎರಡೇ ಚಕ್ರ, ಚಕ್ರಕ್ಕೆ ಐದೈದು ನಟ್. ಶನಿವಾರ ಜೀಪಿಗೆ ಸಿಕ್ಕಿಸಿಕೊಂಡು ನಂದಿ ಬೆಟ್ಟದ ಬುಡದಲ್ಲಿ ನಿಲ್ಲಿಸ್ತಾನೆ, ಸಿಟಿಯವರು ಒಂದು ರಾತ್ರಿ ಮಲಗಿ ಫೋಟೋ ಹೊಡ್ಕೊಂಡು ಹೋಗ್ತಾರೆ. ಹೋಗೋ ದಾರೀಲಿ ಮಕ್ಕಳು ಒಳಗೇ ಕೂರ್ತೀವಿ ಅಂತ ಹಟ ಹಿಡಿದರೆ ಗೋಪಿ ಬೇಡ ಅನ್ನಲ್ಲ.

ಚಿಕ್ಕಬೈರಪ್ಪನವರಿಗೆ ಆಯುಧಪೂಜೆ ಅಂದರೆ ಬಣ್ಣ. ಟ್ರ್ಯಾಕ್ಟರ್ ಇದ್ದ ಕಾಲದಿಂದ ಹಬ್ಬದ ಹಿಂದಿನ ದಿನ ರಿಮ್ಮಿಗೆ ಬಿಳಿ, ನಟ್ಟಿಗೆ ಕೆಂಪು ಬಳಿಯೋದು ಅವರೇ, ಮಗನ ಕೈಗೆ ಬ್ರಷ್ ಕೊಟ್ಟವರಲ್ಲ. ಟ್ರ್ಯಾಕ್ಟರ್ ಮಾರಿದ ಮೇಲೆ ಬ್ರಷ್ ಟ್ರೈಲರ್ ಕಡೆ ತಿರುಗಿತು. ಹಳೇದನ್ನ ಕೆರೆಯೋ ಪದ್ಧತಿ ಇಲ್ಲ. ಐದು ಹಬ್ಬ, ಐದು ಪದರ. ಒಂದೆರಡು ಸಲ ಚಕ್ರ ಬಿಚ್ಚಿದ್ದಾಗ ನಟ್ ಕೂರೋ ತೂತಿನ ಅಂಚಿಗೂ ಬಳಿದಿದ್ದರು.

ಆ ಶನಿವಾರ ಬೆಳಿಗ್ಗೆ ಎಡಗಡೆ ಟಯರ್ ಪಂಚರಾಗಿತ್ತು. ಹನ್ನೊಂದು ಗಂಟೆಗೆ ಆರ್.ಟಿ. ನಗರದ ಗಿರಾಕಿ ಬರೋದಿತ್ತು. ಗೋಪಿ ತಾನೇ ಬಿಚ್ಚಲು ಹೊರಟ. ಹತ್ತೊಂಬತ್ತರ ಸ್ಪ್ಯಾನರ್ ಬಣ್ಣದ ಮೇಲೆ ಕೂರಲಿಲ್ಲ. ಇಪ್ಪತ್ತೊಂದರದ್ದು ಹಾಕಿ ಮೇಲೆ ನಿಂತು ಕುಣಿದ. ಎರಡು ನಟ್ಟಿನ ಮೂಲೆಗಳು ಹಾರಿ ಗೋಲಿಯಂತಾದವು. ಆಗ ಖಾದರ್‌ಗೆ ಫೋನು.

ಖಾದರ್ ಬಂದು ಬೈಯಲಿಲ್ಲ. ಮುರುಕು ಗರಗಸದ ಬ್ಲೇಡಿಂದ ಬಣ್ಣ ಕೆರೆದ, ಥಿನ್ನರ್ ಬಿಟ್ಟು ಒರೆಸಿದ. ಮೂರು ನಟ್ ಹತ್ತೊಂಬತ್ತರಲ್ಲೇ ಬಂದವು. ಮೂಲೆ ಹೋದ ಎರಡಕ್ಕೆ ಒಂದು ಸೈಜ್ ಚಿಕ್ಕ ಬಾಕ್ಸ್ ಸ್ಪ್ಯಾನರನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ, ಪೈಪು ಸಿಕ್ಕಿಸಿ ನಿಧಾನವಾಗಿ ತಿರುಗಿಸಿದ. ಒಂದು ಬಂತು, ಬೋಲ್ಟಿನ ಮರೆಯನ್ನೆಲ್ಲ, ಅಂದರೆ ನಟ್ ಹಿಡಿಯೋ ತಿರುಚು ಗೆರೆಗಳನ್ನೆಲ್ಲ, ಕಿತ್ತುಕೊಂಡು ಬಂತು. ಇನ್ನೊಂದು ಬೋಲ್ಟ್ ಸಮೇತ ಮುರೀತು. ಚಕ್ರ ಇಳಿಸಿದರೆ ರಿಮ್ಮಿನ ತೂತುಗಳು ಮೊಟ್ಟೆ ಆಕಾರ.

"ಐದರಲ್ಲಿ ಮೂರಿದೆಯಲ್ಲ ಗುರು. ಸ್ಟೆಪ್ನಿ ಹಾಕು, ಬಿಗಿ ಮಾಡು, ಸಾಕು," ಅಂದ ಗೋಪಿ.

"ಸಾಕಾಗಲ್ಲ. ಆ ಮೂರೂ ಸಡಿಲ ಓಡಿ ಮರೆ ಸವೆದಿದೆ. ಬೋಲ್ಟ್ ಬದಲಾಯಿಸ್ಬೇಕು, ಯಶವಂತಪುರಕ್ಕೆ ಹೋಗಿ ತರ್ಬೇಕು. ನಾಳೆ ಆಗತ್ತೆ."

"ಹನ್ನೊಂದಕ್ಕೆ ಗಿರಾಕಿ ಬರ್ತಾರೆ ಕಣೋ! ನಲವತ್ತು ಕಿಲೋಮೀಟರ್. ಮೆಲ್ಲಗೆ ಹೋಗ್ತೀನಿ."

"ಚಕ್ರಕ್ಕೆ ನಿಮ್ ಮೆಲ್ಲಗೆ ಗೊತ್ತಾಗಲ್ಲ ಗೋಪಣ್ಣ."

"ಸರಿ, ನೀನು ಹೋಗು. ನಾನೇ ಹಾಕ್ಕೋತೀನಿ. ಇವತ್ತಿನ ಕೂಲಿ ಮರೆತ್ಬಿಡು."

ಚಕ್ರ ಕೂರೋ ಹಬ್ಬಿನ ಮೇಲೆ ಏರಿಸಬೇಕಾದ ಸ್ಟೆಪ್ನಿಯನ್ನು ಖಾದರ್ ನೆಲಕ್ಕೆ ಮಲಗಿಸಿ ಅದರ ಮೇಲೆ ಕೂತ. ಜೇಬಿಂದ ಬೀಡಿ ತೆಗೆದ, ಹಚ್ಚಲಿಲ್ಲ.

ಗಲಾಟೆ ಕೇಳಿ ಚಿಕ್ಕಬೈರಪ್ಪ ಪಂಚೆ ಎತ್ತಿಕಟ್ಟಿಕೊಂಡು ಬಂದರು. "ಏನ್ ಬಾಷಾ, ನಮ್ಮನೆ ಚಕ್ರದ ಮ್ಯಾಲೆ ಧರಣಿನಾ?"

"ಹೂಂ ಯಜಮಾನ್ರೇ."

"ಇಂಗೆಲ್ಲ ಯಾಕಾಯ್ತು?"

ಗೋಪಿ ಬಾಯಿ ತೆಗೆಯುವಷ್ಟರಲ್ಲಿ ಖಾದರ್ ಹೇಳಿದ: "ನಿಮ್ಮ ಬಣ್ಣದಿಂದ. ಮೇಲಿನ ಬಣ್ಣಕ್ಕೆ ಸ್ಪ್ಯಾನರ್ ಕೂರಲಿಲ್ಲ, ಅದು ಸಣ್ಣ ವಿಷ್ಯ. ನಟ್ಟಿನ ಅಡಿ ಬಣ್ಣ ಹೋಗಿ ಕೂತಿದೆ. ಓಡ್ತಾ ಓಡ್ತಾ ಅದು ಪುಡಿಯಾಗತ್ತೆ, ನಟ್ ಸಡಿಲ ಆಗತ್ತೆ. ಎಷ್ಟು ದಿನದಿಂದ ಹಂಗೇ ಓಡಿದೆಯೋ."

"ಮೂವತ್ತು ವರ್ಷದಿಂದ ಬಳೀತಿದೀನಿ! ನನ್ ಪೂಜೆನೇ ತಪ್ಪು ಅಂತೀಯಾ?"

"ಪೂಜೆ ತಪ್ಪಲ್ಲ. ಕುಂಕುಮ ಇಡಿ, ನಿಂಬೆಹಣ್ಣು ತುಳಿಸಿ. ಬ್ರಷ್ ಮಾತ್ರ ನಟ್ ಹತ್ರ ತರ್ಬೇಡಿ. ಟ್ರ್ಯಾಕ್ಟರ್ ಉಳೋ ಸ್ಪೀಡಲ್ಲಿ ಬಚಾವಾದ್ರಿ. ಇದು ಹೈವೇಲಿ ಓಡತ್ತೆ."

ಮುದುಕರು ಮುಖ ಗಂಟಿಕ್ಕಿಕೊಂಡು ಕಲ್ಲುಕಂಬಕ್ಕೆ ಒರಗಿದರು. ಅಷ್ಟರಲ್ಲಿ ಗಿರಾಕಿಯ ಕಾರು ಬಂತು. ಆರ್.ಟಿ. ನಗರದ ಸುಬ್ರಮಣಿ, ಹೆಂಡತಿ, ಎರಡು ಮಕ್ಕಳು. ಮಕ್ಕಳು ಇಳಿದವರೇ ಟ್ರೈಲರ್ ಬಾಗಿಲಿಗೆ ಓಡಿದರು.

"ಹತ್ತು ನಿಮಿಷ ಸಾರ್, ಸಣ್ಣ ಪಂಚರು," ಅಂದ ಗೋಪಿ.

ಸುಬ್ರಮಣಿ ಖಾದರ್ ಕಡೆ ನೋಡಿದ. "ಏನ್ರೀ, ಪಂಚರ್ ಹಾಕೋರು ಟಯರ್ ಮೇಲೆ ಕೂರ್ತಾರಾ?"

"ಹಾಕಬಾರದು ಅಂದಾಗ ಕೂರ್ತಾರೆ ಸಾರ್," ಅಂದ ಖಾದರ್. ಎದ್ದು ಮುರಿದ ಬೋಲ್ಟಿನ ತುಂಡನ್ನು ಸುಬ್ರಮಣಿಯ ಅಂಗೈಗೆ ಹಾಕಿದ. "ಮಕ್ಕಳನ್ನ ಒಳಗೆ ಕೂರಿಸ್ಬೇಡಿ. ಇವತ್ತು ಈ ಗಾಡಿ ಬೇಡ."

ಸುಬ್ರಮಣಿ ತುಂಡನ್ನು ತಿರುಗಿಸಿ ನೋಡಿದ, ಹೆಂಡತಿಗೆ ತೋರಿಸಿದ. ಐದು ನಿಮಿಷದಲ್ಲಿ ಅಳೋ ಮಕ್ಕಳನ್ನು ಎತ್ತಿ ಹಾಕಿಕೊಂಡು ಕಾರು ಹೋಯಿತು. ಅಡ್ವಾನ್ಸ್ ವಾಪಸ್ ಕೊಟ್ಟ ಗೋಪಿ ಖಾದರ್ ಕಡೆ ತಿರುಗಿ ಅಂದ ಮಾತುಗಳನ್ನು ಇಲ್ಲಿ ಬರೆಯಲ್ಲ. ಅದರಲ್ಲಿ ಅವನ ಜಾತಿ ಬಂತು, ಅವನ ಅಪ್ಪನ ಲಾಳದ ಸುತ್ತಿಗೆ ಬಂತು.

ಮಾರನೇ ದಿನ ಖಾದರ್ ಮತ್ತೆ ಗೋಪಿ ಮನೆಗೆ ಯಾಕೆ ಹೋದ ಅಂತ ಅವನ ಹೆಂಡತಿ ಕನೀಜ್ ನನ್ನೆದುರಿಗೇ ಕೇಳಿದಳು. "ಬೈಸ್ಕೊಂಡು ಬಂದೋರು ಮತ್ತೆ ಬಸ್ ಚಾರ್ಜ್ ಕೊಟ್ಕೊಂಡು ಹೋಗ್ತಾರೇನ್ರೀ? ಬುದ್ಧಿಗೂ ಪಂಚರ್ ಹಾಕಿಸ್ಕೊಳ್ಳಿ."

"ಬಿಚ್ಚಿದ್ದು ನಾನು," ಅಂದ ಖಾದರ್. ಅಷ್ಟೇ.

ಯಶವಂತಪುರದಿಂದ ಹತ್ತು ಬೋಲ್ಟ್, ಹತ್ತು ನಟ್, ಒಂದು ರಿಮ್ಮು ತಂದ. ಎರಡೂ ಕಡೆ ಹಬ್ ಬಿಚ್ಚಿ ಹೊಸದು ಕೂರಿಸಿದ, ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಬಿಗಿ ಮಾಡಿದ. "ಐವತ್ತು ಕಿಲೋಮೀಟರ್ ಓಡಿದ ಮೇಲೆ ನನ್ನ ಅಂಗಡಿ ಮುಂದೆ ನಿಲ್ಲಿಸಿ, ಇನ್ನೊಂದು ಸಲ ಬಿಗಿ ಮಾಡ್ಬೇಕು," ಅಂತ ಗೋಪಿಗೆ ಹೇಳಿದ. ಬಲಗಡೆ ಹಬ್ ಬಿಚ್ಚಿದ್ದ ಹೊತ್ತಲ್ಲಿ ಚಿಕ್ಕಬೈರಪ್ಪ ಮಣೆ ಹಾಕಿಕೊಂಡು ಕೂತು, ಆ ರಿಮ್ಮಿನ ತೂತುಗಳಿಂದ ತಮ್ಮ ಐದು ವರ್ಷದ ಬಣ್ಣವನ್ನು ಚಾಕುವಿನಲ್ಲಿ ಕೆರೆಯುತ್ತಿದ್ದರು. ಕೂಲಿ ಕೊಡು ಅಂತ ಮಗನಿಗೆ ಮಾತ್ರ ಹೇಳಲಿಲ್ಲ.

ಗೋಪಿ ಸಾಮಾನಿನ ದುಡ್ಡು ಕೊಟ್ಟ, ಅದಕ್ಕೆ ಅಂಗಡಿಯವನ ಚೀಟಿ ಇತ್ತು. ಕೂಲಿ ಕೇಳಿದಾಗ, "ಬುಕಿಂಗ್ ಮುರಿದೆಯಲ್ಲ, ಅದಕ್ಕೆ ವಜಾ," ಅಂದ. ಟ್ರೈಲರ್ ಈಗ ಪ್ರತಿ ಶನಿವಾರ ನಂದಿಗೆ ಹೋಗುತ್ತೆ, ಹತ್ತು ನಟ್ಟೂ ಬಿಗಿಯಾಗಿವೆ.

ನಟ್ ಬಿಚ್ಚಿದ್ದಕ್ಕೆ ಕೂಲಿ ಅಂತ ಎಲ್ಲರೂ ಒಪ್ಪುತ್ತಾರೆ. ಗಾಡಿ ಹೊರಡಬಾರದು ಅಂತ ಹೇಳಿದ್ದಕ್ಕೆ ಕೂಲಿ ಅಂದರೆ ನಗುತ್ತಾರೆ. ಇದನ್ನ ಓದ್ತಿರೋ ನಿಮ್ಮ ಮನೆ ಮುಂದೆಯೂ ಕಾರೋ ಸ್ಕೂಟರೋ ನಿಂತಿದೆ. ಬ್ರೇಕ್ ಇಲ್ಲ, ಬೇಡ, ಓಡಿಸಬೇಡಿ ಅಂತ ಒಬ್ಬ ಮೆಕ್ಯಾನಿಕ್ ನಿಮಗೂ ಹೇಳಿರ್ತಾನೆ. ಕೆಲಸ ಆಗಲಿಲ್ಲವಲ್ಲ ಅಂತ ಅವನನ್ನ ಬರಿಗೈಲಿ ಕಳಿಸಿದ್ರಾ? ಅವನ ಅಂಗಡಿ ಎಲ್ಲಿದೆ ಅಂತ ನಿಮಗೆ ಗೊತ್ತು. ಎದ್ದು ಹೋಗಿ, ಕೊಟ್ಟು ಬನ್ನಿ.