ಹಬೆಯಲ್ಲಿ ಬೆಂದ ಮಣ್ಣು, ಏಳದ ನಿಂಬೆ ಸಸಿ

ಕೊರೊನಾ ಕಳೆದ ಮರುವರ್ಷದ ಶ್ರಾವಣ. ಆಗ ನನಗೆ ನರ್ಸರಿ ಕೆಲಸದಲ್ಲಿ ಮೂರನೆಯ ವರ್ಷ. ಕೆಲಸ ಎಂದರೆ ಸಂಬಳದ್ದಲ್ಲ. ಜಂಗಮಕೋಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ, ಮನೆಯ ಹಿತ್ತಲಿನಲ್ಲಿ ನಾಲ್ಕು ಕಲ್ಲುಕಂಬ ನೆಟ್ಟು, ಮೇಲೆ ಹಸಿರು ನೆರಳುಬಲೆ ಕಟ್ಟಿಸಿಕೊಂಡು ಸಸಿ ಬೆಳೆಸಿ ಕೊಡುತ್ತಿದ್ದೆ. ನಮ್ಮ ಮಹಿಳಾ ಸಂಘದವರು ಚಿಕ್ಕಬಳ್ಳಾಪುರದಲ್ಲಿ ಹತ್ತು ದಿನ ತರಬೇತಿ ಕೊಡಿಸಿದ್ದರು, ಅಷ್ಟೇ ನನ್ನ ವಿದ್ಯೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಡೈರಿಗೆ ಹಾಲು ಹಾಕಿ, ಅಡುಗೆ ಮುಗಿಸಿದ ಮೇಲೆ ಉಳಿಯುವ ಹೊತ್ತೇ ನನ್ನ ಆಫೀಸು. ಅಷ್ಟು ಹೊತ್ತು ಉಳಿಯುತ್ತಿತ್ತಲ್ಲ, ಅದೂ ದೇವರು ಕೊಟ್ಟದ್ದೇ.

ತರಬೇತಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವಳು ನಸೀಮಾ. ಶಿಡ್ಲಘಟ್ಟದವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳ ಅಣ್ಣ ರಫೀಕ್ ರೇಷ್ಮೆಗೂಡು ಕೊಂಡು ನೂಲು ತೆಗೆಸುವ ಕಸುಬಿನವರು. ನಮ್ಮೂರಿನ ಪಕ್ಕದಲ್ಲಿ ಅವರ ತಂದೆ ಮಗಳಿಗೆಂದು ಬಿಟ್ಟುಹೋದ ಒಂದು ಎಕರೆ ಇದೆ. ಹಿಪ್ಪುನೇರಳೆ ಕಿತ್ತ ಮೇಲೆ ಅದು ಖಾಲಿ ಬಿದ್ದಿತ್ತು. ಅಲ್ಲಿ ನಿಂಬೆ ತೋಟ ಮಾಡಬೇಕೆಂದು ನಸೀಮಾಳ ಆಸೆ. ಟೊಮೊಟೊ ಬೆಳೆಯುವವರಿಗೆ ಗುತ್ತಿಗೆ ಕೊಟ್ಟುಬಿಡೋಣ ಎಂದು ಅಣ್ಣನ ವಾದ. ಕೊನೆಗೆ ಅವರೇ ಒಂದು ಗಡುವು ಹಾಕಿದರು. ಮುಂದಿನ ಮುಂಗಾರಿನಲ್ಲಿ ಗಿಡ ನೆಲಕ್ಕೆ ಬಿದ್ದರೆ ಜಮೀನು ತಂಗಿಯ ಕೈಯಲ್ಲಿ. ಇಲ್ಲವಾದರೆ ಐದು ವರ್ಷ ಗುತ್ತಿಗೆಗೆ.

ನಸೀಮಾ ಒಂದು ಚೀಲ ಹಣ್ಣು ನಿಂಬೆ ತಂದು ನನ್ನ ಮುಂದೆ ಇಟ್ಟಳು. ಅವರ ಮನೆಯಂಗಳದ ಮರದ್ದು, ಅವಳ ತಂದೆ ನೆಟ್ಟದ್ದು.

"ರತ್ನಕ್ಕಾ, ಇದೇ ಬೀಜದ್ದು ನೂರ ಹತ್ತು ಗಿಡ ಬೇಕು. ಬೇರೆ ನರ್ಸರಿದು ನಂಗೆ ಬೇಡ."

ಆಗಲಿ ಎಂದೆ. ಹೆಚ್ಚುಕಡಿಮೆಗೆ ಇರಲಿ ಎಂದು ನೂರ ಅರವತ್ತು ಗಿಡ ಮಾಡುವುದೆಂದು ಲೆಕ್ಕ ಹಾಕಿಕೊಂಡೆ.

ಹಿಂದಿನ ವರ್ಷ ನನ್ನ ಮೆಣಸಿನಕಾಯಿ ಸಸಿಗಳೆಲ್ಲ ಬುಡ ಕೊಳೆತು ಒಂದೇ ವಾರದಲ್ಲಿ ಮಲಗಿದ್ದವು. ಅದು ಮಣ್ಣಿನಲ್ಲಿರುವ ಒಂದು ಬಗೆಯ ಬೂಷ್ಟಿನಿಂದ ಬರುವ ರೋಗ. ಹಾಗಾಗಿ ಈ ಸಲ ಮಣ್ಣಿನಲ್ಲಿ ಬೂಷ್ಟು ಎನ್ನುವುದೇ ಉಳಿಯಬಾರದೆಂದು ಹಟ ಹಿಡಿದೆ. ತರಬೇತಿಯಲ್ಲಿ ಹೇಳಿದ್ದು, ಒದ್ದೆ ಮಣ್ಣಿಗೆ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಬಿಡಿ ಎಂದು. ಆ ಮೋಡದ ದಿನಗಳ ಬಿಸಿಲನ್ನು ನಾನು ನಂಬಲಿಲ್ಲ. ಹಳೆಯ ಡ್ರಮ್ಮಿನ ತಳದಲ್ಲಿ ಇಟ್ಟಿಗೆ ಜೋಡಿಸಿ, ನೀರು ಸುರಿದು, ಗೋಣಿಚೀಲದಲ್ಲಿ ಮಣ್ಣು ತುಂಬಿ ಮೇಲಿಟ್ಟು, ಸೌದೆ ಉರಿಯಲ್ಲಿ ಗಂಟೆಗಟ್ಟಲೆ ಹಬೆ ಕೊಟ್ಟೆ. ಗೊಬ್ಬರಕ್ಕೂ ಅದೇ ಗತಿ. ಮರಳನ್ನು ಮೂರು ನೀರಿನಲ್ಲಿ ತೊಳೆದೆ.

ನಮ್ಮ ಮನೆಯವರು ಹಿತ್ತಲಿಗೆ ಬಂದು, "ಇವತ್ತು ತಿಂಡಿಗೆ ಇಡ್ಲಿನಾ, ಮಣ್ಣಾ?" ಎಂದು ಕೇಳುತ್ತಿದ್ದರು.

ಅತ್ತೆ ಎಲೆ ಅಡಿಕೆ ಮಡಚಿಕೊಳ್ಳುತ್ತಾ, "ಮಣ್ಣಿಗೂ ಸ್ನಾನ ಮಾಡ್ಸಿ ಮಡಿ ಉಡುಸ್ತಾಳೆ ಕಣಪ್ಪ ನಿನ್ ಹೆಂಡ್ತಿ. ಭೂಮಿತಾಯಿಗೆ ಮೈಲಿಗೆ ಎಲ್ಲಿಂದ ಬಂತು?" ಎನ್ನುತ್ತಿದ್ದರು. ಅತ್ತೆಗೆ ಎಂಬತ್ತರ ಹತ್ತಿರ. ನನ್ನ ಕಾಲೆಳೆಯದೆ ಅವರಿಗೆ ಮಧ್ಯಾಹ್ನದ ನಿದ್ದೆ ಬರುವುದಿಲ್ಲ.

ಬೀಜ ಚೆನ್ನಾಗಿ ಮೊಳೆತವು. ಒಂದೂ ಕೊಳೆಯಲಿಲ್ಲ. ಕಾರ್ತಿಕ ಮಾಸದ ಕೊನೆಗೆ ಅವನ್ನು ಪಾತಿಯಿಂದ ಎಬ್ಬಿಸಿ ಪಾಲಿಥೀನ್ ಚೀಲಗಳಿಗೆ ಹಾಕಿದೆವು. ಚೀಲಕ್ಕೆ ಮಣ್ಣು ತುಂಬುವುದರಲ್ಲಿ ಅತ್ತೆಯ ಕೈ ಚುರುಕು. ಕೆಲಸ ಮುಗಿಯುವ ಮುನ್ನ ಡೈರಿಯ ಹೊತ್ತಾಯಿತೆಂದು ನಾನು ಎದ್ದು ಹೋದೆ, ಕೊನೆಯ ಚೀಲಗಳನ್ನು ಅವರೊಬ್ಬರೇ ತುಂಬಿದರು. ನೂರ ಅರವತ್ತು ಚೀಲ ಸಾಲಾಗಿ ನಿಂತದ್ದು ನೋಡಿ, ಆಂಜನೇಯನಿಗೆ ಕೈ ಮುಗಿದೆ.

ಸಂಕ್ರಾಂತಿಗೆ ಸಸಿಗಳು ಇದ್ದಲ್ಲೇ ಇದ್ದವು. ಎಲೆ ಬೆರಳುಗುರಿನಷ್ಟೇ. ಬಣ್ಣ ಮಂಕು, ಕೆಲವಕ್ಕೆ ನೇರಳೆ ಛಾಯೆ. ಸಾಯುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ. ನಸೀಮಾ ಫೋನ್ ಮಾಡಿದಾಗಲೆಲ್ಲ, "ಚಳಿಗೆ ಹಂಗೇ, ಶಿವರಾತ್ರಿ ಕಳೀಲಿ" ಎನ್ನುತ್ತಿದ್ದೆ. ಶಿವರಾತ್ರಿಯೂ ಕಳೆಯಿತು.

ಗೊಬ್ಬರದ ಅಂಗಡಿಯಲ್ಲಿ ಎಲೆ ತೋರಿಸಿದೆ. "ರಂಜಕ ಸಾಲ್ತಿಲ್ಲ ಕಣಮ್ಮ, ಡಿಎಪಿ ಕೊಡಿ" ಎಂದರು. ರಂಜಕವೆಂದರೆ ಬೇರಿಗೆ, ಚಿಗುರಿಗೆ ಬಲ ಕೊಡುವ ಸತ್ವ. ಡಿಎಪಿಯಲ್ಲಿ ಅದು ಯಥೇಚ್ಛ. ಎಲ್ಲಕ್ಕೂ ಕೊಡಲು ಹೆದರಿ, ಮುಂದಿನ ಸಾಲಿನ ನಲವತ್ತು ಚೀಲಗಳಿಗೆ ಮಾತ್ರ ನೆನೆಸಿದ ಡಿಎಪಿ ನೀರು ವಾರಕ್ಕೊಮ್ಮೆ ಹಾಕುತ್ತಾ ಬಂದೆ. ಯುಗಾದಿಯ ಹೊತ್ತಿಗೆ ಆ ನಲವತ್ತೂ ಗೇಣುದ್ದ ಎದ್ದವು. ನನ್ನ ಜೀವ ತಣ್ಣಗಾಯಿತು. ಉಳಿದವಕ್ಕೂ ಕೊಡೋಣವೆಂದು ಬಕೆಟ್ ಹಿಡಿದು ಹೋದಾಗ, ನೀರಿನ ತೊಟ್ಟಿಯ ಪಕ್ಕದ ಮೂಲೆಯ ಚೀಲಗಳು ಕಣ್ಣಿಗೆ ಬಿದ್ದವು. ಎಣಿಸಿದೆ. ಇಪ್ಪತ್ತೊಂದು. ನಾನು ಅವಕ್ಕೆ ಡಿಎಪಿ ಮುಟ್ಟಿಸಿರಲಿಲ್ಲ. ಆದರೂ ಅವುಗಳ ಎಲೆ ದಟ್ಟ ಹಸಿರು, ಎತ್ತರ ಆ ನಲವತ್ತಕ್ಕೆ ಸಮ.

ಸೊರಗಿದ ಗಿಡಗಳ ಮುಂದೆ ಮೂರು ತಿಂಗಳು ಕೂತು ಅತ್ತಿದ್ದೆನೇ ಹೊರತು, ಈ ಮೂಲೆಗೆ ಒಂದು ದಿನವೂ ತಿರುಗಿ ನೋಡಿರಲಿಲ್ಲ.

"ಅತ್ತೆ, ಈ ಮೂಲೇವಕ್ಕೆ ಏನಾದ್ರೂ ಹಾಕಿದ್ರಾ?"

ಅವರು ಅಡಿಕೆ ಕತ್ತರಿಸುವ ಕೈ ನಿಲ್ಲಿಸಿದರು.

"ಬೈಯಲ್ಲ ಅಂದ್ರೆ ಹೇಳ್ತೀನಿ."

"ಬೈಯಲ್ಲ ಹೇಳಿ."

"ಅವತ್ತು ನಿನ್ ಮಡಿ ಮಣ್ಣು ಸಾಲ್ಲಿಲ್ಲ ಕಣೇ. ಹಿಂದ್ಗಡೆ ರಾಗಿ ಹೊಲದಾಗೆ ಕೂಳೆ ಬುಡದ ಮಣ್ಣು ಎರಡು ಬಾಂಡ್ಲಿ ತಂದು ಬೆರ್ಸಿ ತುಂಬ್ದೆ. ಹೇಳಿದ್ರೆ ಎಲ್ಲಾ ಸುರಿಸಿ ಮತ್ತೆ ಬೇಯ್ಸಕ್ಕೆ ಕೂತ್ಕಂತಿದ್ದೆ. ನಿನ್ ಸೊಂಟ ನೋಡಕ್ಕಾಗ್ತಿರ್ಲಿಲ್ಲ ನಂಗೆ."

ರಾಗಿಯ ಕೊಯ್ಲಾದ ಮೇಲೆ ಉಳಿಯುವ ಮೋಟು ಬುಡ, ಅದರ ಬೇರಿಗಂಟಿದ ಮಣ್ಣು. ಅದರಲ್ಲಿ ಏನಿತ್ತು?

ಚಿಂತಾಮಣಿಯ ಕಾಲೇಜೊಂದರಲ್ಲಿ ಮಣ್ಣಿನ ಪಾಠ ಹೇಳುವ ಒಬ್ಬ ಮೇಡಂ ನಮ್ಮ ತರಬೇತಿಗೆ ಬಂದಿದ್ದರು. ಎರಡು ಬಗೆಯ ಚೀಲಗಳಿಂದ ಒಂದೊಂದು ಗಿಡ ಬಿಚ್ಚಿ, ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಶಿಡ್ಲಘಟ್ಟದಲ್ಲಿ ನಸೀಮಾಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ಅವಳಿಗೆ ನಿಜ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತಾ, "ಭಾಯ್‌ಗೆ ಈಗ್ಲೇ ಹೇಳೋದು ಬೇಡ ಅಕ್ಕ" ಎಂದಳಷ್ಟೇ.

ಮೇಡಂ ಬೇರುಗಳನ್ನು ಕ್ಷಾರದ ನೀರಿನಲ್ಲಿ ಕುದಿಸಿ ಬೆಳ್ಳಗೆ ಮಾಡಿ, ವಿನೆಗರ್‌ನಲ್ಲಿ ಬೆರೆಸಿದ ನೀಲಿ ಶಾಯಿಯಲ್ಲಿ ಅದ್ದಿ, ಮೈಕ್ರೋಸ್ಕೋಪಿನ ಕೆಳಗಿಟ್ಟರು. ಮೊದಲು ನನ್ನ ಹಬೆ ಮಣ್ಣಿನ ಬೇರು.

"ಏನ್ ಕಾಣ್ತಿದೆ ರತ್ನಮ್ಮ?"

"ಕೋಣೆ ಕೋಣೆ ಇದೆ ಮೇಡಂ. ಎಲ್ಲಾ ಖಾಲಿ."

ಆಮೇಲೆ ಅತ್ತೆಯ ಬೇರು. ಕೋಣೆಯಿಂದ ಕೋಣೆಗೆ ನೀಲಿ ದಾರ ಓಡಿತ್ತು. ಕೆಲವು ಕೋಣೆಗಳೊಳಗೆ ಕೊಂಬೆ ಬಿಟ್ಟ ಪುಟಾಣಿ ಮರ. ನಸೀಮಾ ನನ್ನನ್ನು ಸರಿಸಿ ಕಣ್ಣಿಟ್ಟವಳು, "ಕಸೂತಿ ಹಾಕ್ದಂಗಿದೆ" ಎಂದಳು.

ಅದು ಮೈಕೋರೈಜಾ, ಬೇರಿನ ಜೊತೆ ಬಾಳುವ ಒಳ್ಳೆಯ ಶಿಲೀಂಧ್ರ. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣದ ಅಂಶ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ, ನೀರಿನ ಜೊತೆ ಹರಿದು ಬರುವುದಿಲ್ಲ. ಬೇರಿಗೆ ಸಿಗುವುದು ಅದರ ಮೈಗೆ ತಾಗಿದಷ್ಟೇ. ಈ ದಾರಗಳು ದೂರದೂರಕ್ಕೆ ಕೈಚಾಚಿ ರಂಜಕವನ್ನೂ ಸತುವನ್ನೂ ತಂದು ಗಿಡಕ್ಕೆ ಕೊಡುತ್ತವೆ. ಬದಲಿಗೆ ಗಿಡ ತಾನು ಮಾಡಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ನಿಂಬೆಗೆ ಈ ಜೊತೆ ಇಲ್ಲದಿದ್ದರೆ ಬಹಳ ಕಷ್ಟ. ರಾಗಿಯ ಬೇರಿನಲ್ಲಿ ಇದು ಚೆನ್ನಾಗಿ ಬೆಳೆಯುತ್ತದೆ. ಹಬೆಯಲ್ಲಿ ನಾನು ಕೊಳೆರೋಗದ ಜೊತೆಗೆ ಇದನ್ನೂ ಕೊಂದಿದ್ದೆ.

ಉಳಿದ ಚೀಲಗಳಲ್ಲಿ ಬೇರಿನ ಪಕ್ಕ ಕಡ್ಡಿಯಿಂದ ತೂತು ಮಾಡಿ, ರೋಗವಿಲ್ಲದ ಹೊಲದ ರಾಗಿ ಬೇರಿನ ಮಣ್ಣು ಹಾಕಿ, ಡಿಎಪಿ ನಿಲ್ಲಿಸಿ ಎಂದು ಮೇಡಂ ಹೇಳಿದರು.

"ಎರಡೂ ಕೊಟ್ರೆ ಬೇಗ ಏಳಲ್ವಾ ಮೇಡಂ?" ಎಂದೆ.

"ಡಿಎಪಿಯಿಂದ ಹೊಟ್ಟೆ ತುಂಬಿದ ಗಿಡ ಶಿಲೀಂಧ್ರನ ಒಳಗೆ ಕರ್ಕೊಳ್ಳಲ್ಲ. ಸಕ್ಕರೆ ಯಾಕೆ ದಂಡ ಅಂತ ಬಾಗಿಲು ಹಾಕುತ್ತೆ" ಎಂದರು.

ಬಿಚ್ಚಿದ್ದೊಂದು ಕಳೆದು ಉಳಿದ ತೊಂಬತ್ತೆಂಟು ಚೀಲಕ್ಕೆ ಮಣ್ಣು ಹಾಕಿದೆ. ಮನಸ್ಸು ತಡೆಯದೆ ಡಿಎಪಿಯ ನಲವತ್ತಕ್ಕೂ ಹಾಕಿದೆ. ಮೇಡಂ ಹೇಳಿದ್ದೇ ನಿಜವಾಯಿತು. ಎರಡು ತಿಂಗಳ ಮೇಲೆ ಮತ್ತೆ ಬೇರು ನೋಡಿಸಿದಾಗ, ತೊಂಬತ್ತೆಂಟರಿಂದ ತೆಗೆದ ಬೇರಿನಲ್ಲಿ ನೀಲಿ ದಾರ ತುಂಬಿತ್ತು, ನಲವತ್ತರದ್ದರಲ್ಲಿ ಎಲ್ಲೋ ಒಂದೆರಡು ಎಳೆ. ಆ ನಲವತ್ತರ ಹೊಸ ಎಲೆಗಳಲ್ಲಿ ನರ ಹಸಿರು, ನಡುವೆಲ್ಲ ಹಳದಿ. ಸತು ಸಾಲದ ಗುರುತು.

ಜ್ಯೇಷ್ಠದಲ್ಲಿ ಮೊದಲ ಮಳೆ ಬಿದ್ದ ಮೂರನೆಯ ದಿನ ರಫೀಕ್ ಭಾಯ್ ತಂಗಿಯ ಜೊತೆ ಬಂದರು. ನೇರ ಆ ಎತ್ತರದ ನಲವತ್ತರ ಹತ್ತಿರ ಹೋದರು.

"ಇವು ರೆಡಿ ಇದಾವಲ್ಲ ಅಕ್ಕ. ಸಣ್ಣವನ್ನೂ ಸೇರ್ಸಿ ಕೊಡಿ, ನಾಳೆನೇ ನೆಟ್ಬಿಡ್ಲಿ."

ಹೂಂ ಎಂದಿದ್ದರೆ ಗಡುವು ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಮನಸ್ಸಿಗೆ ಬರಲಿಲ್ಲವೆಂದು ಸುಳ್ಳು ಬರೆಯಲಾರೆ. ಆದರೆ ಆ ಸಣ್ಣ ಗಿಡಗಳು ಬಯಲಿನ ಬಿಸಿಲು ತಡೆಯುತ್ತಿರಲಿಲ್ಲ. ದೇವರನ್ನು ನೆನೆದು ಎಲ್ಲ ಹೇಳಿದೆ. ತಪ್ಪು ನನ್ನದು, ಗಿಡಕ್ಕೆ ಹಿಂಗಾರಿನವರೆಗೆ ಸಮಯ ಬೇಕು ಎಂದೆ.

"ಮಾತು ಮಾತೇ ಅಲ್ವಾ ಅಕ್ಕ? ಮುಂಗಾರು ಅಂದಿದ್ದೆ. ಗುತ್ತಿಗೆಯೋರು ಕಾಯ್ತಾ ಇದಾರೆ."

ನಸೀಮಾ ಉರ್ದುವಿನಲ್ಲಿ ಏನೋ ಅಂದಳು. ಆಮೇಲೆ ನನಗೂ ತಿಳಿಯಲೆಂದು ಕನ್ನಡದಲ್ಲೇ ಕೇಳಿದಳು: "ಭಾಯ್, ಹಣ್ಣಾಗದ ಹುಳನ ಚಂದ್ರಿಕೆಗೆ ಬಿಟ್ಟೋರ ಗೂಡು ನೀನು ತಗೋತೀಯಾ?"

ಚಂದ್ರಿಕೆ ಎಂದರೆ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಹುಳು ಪೂರ್ತಿ ಹಣ್ಣಾಗುವ ಮುಂಚೆ ಅದಕ್ಕೆ ಬಿಟ್ಟರೆ ಗೂಡು ಜೊಳ್ಳು. ಅಂಥ ಗೂಡನ್ನು ಬೆರಳಲ್ಲಿ ಒತ್ತಿ ನೋಡಿ ಅತ್ತ ತಳ್ಳುವುದೇ ರಫೀಕ್ ಭಾಯಿಯ ದಿನದ ಕೆಲಸ. ಅವರು ಬಗ್ಗಿ ಒಂದು ಸಣ್ಣ ಗಿಡದ ಎಲೆಯನ್ನು ಹಾಗೆಯೇ ಬೆರಳಲ್ಲಿ ಹಿಡಿದು ನೋಡಿದರು.

"ನನ್ ಕಸುಬು ನಂಗೇ ಹೇಳ್ಕೊಡ್ತೀಯಾ?" ಎಂದು ನಕ್ಕರು. "ಆಯ್ತು, ಹಿಂಗಾರು. ದಸರಾ ದಾಟಿದ್ರೆ ನಾನ್ ಕೇಳಲ್ಲ."

"ಕೂತ್ಕೊಳಪ್ಪ, ಕಾಫಿ ಕುಡಿ. ಸೊಸೆ ನೀರು ಬೇಯ್ಸಿದಾಳೆ, ಮಣ್ಣಲ್ಲ" ಎಂದರು ಅತ್ತೆ.

ಆಷಾಢ, ಶ್ರಾವಣಗಳಲ್ಲಿ ಗಿಡಗಳು ಎದ್ದ ಪರಿ ಹೇಳಲಾರೆ. ಗಣೇಶನ ಹಬ್ಬದ ಮರುವಾರ ಒಳ್ಳೆ ಹದದ ಮಳೆ ಬಿತ್ತು. ಅತ್ತೆಯ ಇಪ್ಪತ್ತೊಂದರಲ್ಲಿ ಬೇರು ನೋಡಲು ಬಿಚ್ಚಿದ್ದೊಂದು ಕಳೆದು ಇಪ್ಪತ್ತು, ಉಳಿದವುಗಳಿಂದ ಆರಿಸಿದ್ದು ಎಂಬತ್ತನಾಲ್ಕು, ಒಟ್ಟು ನೂರ ನಾಲ್ಕು ಗಿಡ ಆ ಒಂದು ಎಕರೆಯಲ್ಲಿ ನೆಲ ಸೇರಿದವು. ಆರು ಗುಂಡಿ ಖಾಲಿ ಉಳಿದವು, ಮರುವರ್ಷ ತುಂಬಿಕೊಟ್ಟೆ. ಡಿಎಪಿಯ ಗಿಡಗಳನ್ನು ಎಸೆಯಲು ಮನಸ್ಸಾಗದೆ ನಮ್ಮ ಬದುವಿನ ಮೇಲೆ ನೆಟ್ಟೆ. ಹೊಲದ ಮಣ್ಣಿನ ಶಿಲೀಂಧ್ರ ನಿಧಾನಕ್ಕೆ ಹತ್ತಿರಬೇಕು, ಅರ್ಧಕ್ಕರ್ಧ ಬದುಕಿಕೊಂಡವು. ಡಿಎಪಿ ವಿಷವಲ್ಲ. ಎಷ್ಟು, ಯಾವಾಗ ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಈಗ ಯಾರಾದರೂ ಬಾಡಿದ ಸಸಿ ಹಿಡಿದು ನಮ್ಮ ಮನೆಗೆ ಬಂದರೆ, ಅವರ ತೋಟದಲ್ಲಿ ಚೆನ್ನಾಗಿರುವ ಗಿಡ ಯಾವುದು, ಅದಕ್ಕೆ ಯಾರು ಏನು ಮಾಡಿದ್ದರು ಎಂದು ಮೊದಲು ಕೇಳುತ್ತೇನೆ. ಕೆಟ್ಟದ್ದನ್ನು ಎಣಿಸುತ್ತಾ ಕೂತರೆ ಕೆಟ್ಟದ್ದೇ ಕಾಣುತ್ತದೆ. ದೇವರು ಉತ್ತರವನ್ನು ಎಷ್ಟೋ ಸಲ ಚೆನ್ನಾಗಿ ಉಳಿದ ನಾಲ್ಕಾರು ಗಿಡಗಳಲ್ಲಿ ಇಟ್ಟಿರುತ್ತಾನೆ. ಕೆಲಸ ನನಗೆ ಕಲಿಸಿದ್ದು ಇದನ್ನೇ.

ನಸೀಮಾಳ ತೋಟ ಈ ಬೇಸಿಗೆಯಲ್ಲಿ ಮೊದಲ ಹೂ ಕಂಡಿದೆ. ಜಮೀನು ಅವಳ ಕೈಯಲ್ಲೇ ಇದೆ. ಹೋದ ವಾರ ರಫೀಕ್ ಭಾಯ್ ತಾವೇ ಫೋನ್ ಮಾಡಿ, ಪಕ್ಕದ ತಮ್ಮ ಅರ್ಧ ಎಕರೆಗೂ ಗಿಡ ಬೇಕೆಂದರು.

"ಯಾವಾಗಿಗೆ ಬೇಕು ಭಾಯ್?" ಎಂದೆ.

"ಅವು ಯಾವಾಗ ಬರ್ತೀನಿ ಅಂತಾವೋ ಅವಾಗ್ಲೇ ಅಕ್ಕ" ಎಂದರು.