ಅಟ್ಲಾಂಟಾದಿಂದ ತಂದ ಮುಖಪುಟ

ನಾವಿರುವ ಹರ್ನ್‌ಡನ್‌ನಿಂದ ಅಟ್ಲಾಂಟಾಕ್ಕೆ ಆರುನೂರು ಮೈಲಿಗೂ ಹೆಚ್ಚು. ಮಾರ್ಚ್ ತಿಂಗಳ ಒಂದು ಶುಕ್ರವಾರ ನಸುಕಿನಲ್ಲೇ ನಾನೂ ನನ್ನ ಗಂಡ ಪ್ರಕಾಶರೂ ಹೊರಟೆವು. ಡಬ್ಬಿಯಲ್ಲಿ ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ. ಹಿಂದಿನ ಸೀಟಿನ ಮೇಲೆ ಏನನ್ನೂ ಇಡಲು ಅವರು ಬಿಡಲಿಲ್ಲ. ಬರುವಾಗ ಅದು ಒಂದು ಚಿತ್ರಕ್ಕೆ ಬೇಕಿತ್ತು.

ಪ್ರಕಾಶ್ ಇಟಲಿಯ ಹಳೆಯ ವಯಸ್ಕರ ಕಾಮಿಕ್ಸ್ ಕೂಡಿಡುತ್ತಾರೆ. ಎಪ್ಪತ್ತರ ದಶಕದಲ್ಲಿ ಅಲ್ಲಿನ ಪೇಪರ್ ಅಂಗಡಿಗಳಲ್ಲಿ ಬಿಕರಿಯಾಗುತ್ತಿದ್ದ ಅಂಗೈಯಗಲದ ಅಗ್ಗದ ಪುಸ್ತಕಗಳು: ಪಿಶಾಚಿಗಳು, ಕೊಲೆಗಡುಕರು, ಮೈಮೇಲೆ ಬಟ್ಟೆ ನಿಲ್ಲದ ಹೆಂಗಸರು. ಒಳಪುಟಗಳು ಒರಟು ಕಪ್ಪುಬಿಳುಪು. ಮುಖಪುಟವನ್ನು ಮಾತ್ರ ಯಾರೋ ಮನಸ್ಸಿಟ್ಟು ಬಣ್ಣದಲ್ಲಿ ಬರೆದಿರುತ್ತಿದ್ದರು. ಪುಸ್ತಕ ಎಷ್ಟು ಅಚ್ಚಾದರೂ ಮೂಲಚಿತ್ರ ಒಂದೇ. ಅಂಥದೊಂದು ಅಟ್ಲಾಂಟಾದ ಮುದುಕರೊಬ್ಬರ ಬಳಿ ಇದೆಯೆಂದು ತಿಳಿದಾಗಿನಿಂದ ಇವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಮುದುಕರ ಊಟದ ಮೇಜಿನ ಮೇಲೆ ಅದನ್ನು ಕಂಡೆ. ರಾತ್ರಿಯುಡುಪಿನ ಹೆಂಗಸು ಮೆಟ್ಟಿಲಿಳಿದು ಓಡುತ್ತಿದ್ದಾಳೆ. ಭುಜದಿಂದ ಜಾರಿದ ಬಟ್ಟೆ, ಹಿಂದಿನಿಂದ ಚಾಚಿದ ಒಂದು ಕೈ. ಮೇಲೆ ಹೆಸರು ಅಚ್ಚು ಹಾಕಲು ಬಿಟ್ಟ ಖಾಲಿ ಆಕಾಶ. ನಗಲು ಸಿದ್ಧಳಾಗಿ ಹೋಗಿದ್ದ ನಾನು ನಗಲಿಲ್ಲ. ನೀರು ತಾಗಿದರೆ ಬಣ್ಣ ಎದ್ದುಬರುತ್ತದೆ, ಪ್ಲಾಸ್ಟಿಕ್ ಸುತ್ತಿದರೆ ಬೆವರುತ್ತದೆ ಎಂದು ಮುದುಕರು ಎಚ್ಚರಿಸಿದರು. ವಾಪಸಾಗುವಾಗ ಗೆಳತಿಯ ಮನೆಯಲ್ಲಿ ಉಡಲೆಂದು ತಂದಿದ್ದ ನನ್ನ ಕಾಟನ್ ಸೀರೆ ಅದಕ್ಕೆ ಹೊದಿಕೆಯಾಯಿತು.

ಅಂದು ರಾತ್ರಿ ದಾರಿಯಲ್ಲಿ ಸಿಗುವ ಏಪೆಕ್ಸ್ ಊರಿನ ಆ ಗೆಳತಿ ಸುಧಾ ಮನೆಯಲ್ಲಿ ತಂಗುವುದೆಂದು ಮೊದಲೇ ಮಾತಾಗಿತ್ತು. ಶಾರ್ಲೆಟ್ ದಾಟಿದ ಮೇಲೆ ಮಳೆ ಹಿಡಿಯಿತು. ಬರ್ಲಿಂಗ್ಟನ್ ಹತ್ತಿರ ಮುಂದಿನ ಪಿಕಪ್‌ನಿಂದ ಏಣಿಯೊಂದು ಜಾರಿ ಬಿತ್ತು. ಪ್ರಕಾಶ್ ಬ್ರೇಕ್ ಒತ್ತಿದರು. ಕಾರು ಸುತ್ತು ತಿರುಗಿ, ಹಿಂಬದಿ ತಡೆಬೇಲಿಗೆ ಗುದ್ದಿ, ಅಂಚಿನ ಲೇನಿಗೆ ಅಡ್ಡಲಾಗಿ ನಿಂತಿತು. ಇಬ್ಬರೂ ಬೇಲಿ ದಾಟಿ ಹುಲ್ಲಿನ ಮೇಲೆ ನಿಂತೆವು. ಮೈಮೇಲೆ ಒಂದು ಗೀರೂ ಇರಲಿಲ್ಲ. ಅಷ್ಟಕ್ಕೆ ಮುಗಿಯಬೇಕಿತ್ತು.

"ಹಿಂದಿನ ಗ್ಲಾಸ್ ಹೋಗಿದೆ ಕಣೇ. ನೆನೀತಿದೆ ಅದು."

"ನೆನೀಲಿ ಬಿಡ್ರೀ! ಹೋಗ್ಬೇಡಿ!"

"ಎರಡೇ ಸೆಕೆಂಡು."

ಓಡಿದರು. ಸೀರೆ ಸುತ್ತಿದ ಚಿತ್ರದ ಕಟ್ಟು ರಸ್ತೆಯ ಕಡೆಯ ಸೀಟಿನ ಮೇಲಿತ್ತು. ಬಾಗಿಲು ತೆರೆದು ಬಗ್ಗಿದಾಗ ಟ್ರಕ್ಕಿನ ಹಾರ್ನ್ ಕೇಳಿಸಿತು. ಹಾರ್ನೂ ನಿಲ್ಲಲಿಲ್ಲ, ಟ್ರಕ್ಕೂ ನಿಲ್ಲಲಿಲ್ಲ. ಇವರು ಕಟ್ಟನ್ನು ಅಪ್ಪಿಕೊಂಡು ಕಾರಿನ ಹಿಂದಕ್ಕೆ ಸರಿದರು. ಟ್ರಕ್ಕು ಬಾಗಿಲನ್ನು ಕಿತ್ತುಕೊಂಡು ಹೋಯಿತು. ಇದನ್ನು ಬರೆಯುವಾಗಲೂ ನನ್ನ ಕಣ್ಣ ಮುಂದೆ ಆ ಬಾಗಿಲು ಹೋಗುತ್ತಲೇ ಇದೆ.

ಪೊಲೀಸರು ಬಂದು ಕಾರನ್ನು ಎಳೆಸಿದ ಮೇಲೆ ಸುಧಾಳ ಗಂಡ ನಮ್ಮನ್ನು ಕರೆದೊಯ್ದರು. ಅಲ್ಲಿ ಪ್ರಕಾಶ್ ಊಟದ ಮೇಜಿನ ತಟ್ಟೆಗಳನ್ನು ಸರಿಸಿ, ಫ್ಯಾನ್ ಇಟ್ಟು, ಚಿತ್ರಕ್ಕೆ ಸುತ್ತಿದ್ದ ಸೀರೆ ಬಿಚ್ಚಿದರು. ಚಾಚಿದ ಕೈ ಕರಗಿ ಮೆಟ್ಟಿಲ ಮೇಲೆ ಹರಿದಿತ್ತು. ಹೆಂಗಸಿಗೆ ಏನೂ ಆಗಿರಲಿಲ್ಲ. ಯಾರಿಗೆ ಹೆದರಿ ಓಡುತ್ತಿದ್ದಾಳೆಂದು ಮಾತ್ರ ಈಗ ತಿಳಿಯುವಂತಿರಲಿಲ್ಲ.

ಮೈಸೂರಿನಿಂದ ಬಂದಿದ್ದ ಸುಧಾಳ ಅತ್ತೆ ಕನ್ನಡಕ ಏರಿಸಿ ಬಗ್ಗಿದರು. "ಏನಪ್ಪಾ ಪ್ರಕಾಶಾ, ಇವಳಿಗೆ ರವಿಕೆ ಬರೆಯೋಷ್ಟ್ರಲ್ಲಿ ಬಣ್ಣ ಮುಗಿದೋಯ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ನಿಲ್ಲಿಸಲು ಆಗಲಿಲ್ಲ. ಸುಧಾ ನನ್ನ ಕೈಯಿಂದ ಲೋಟ ತೆಗೆದುಕೊಂಡಳು. "ಕೊಡು ಇಲ್ಲಿ, ಕಾಫಿಯೆಲ್ಲಾ ಚೆಲ್ತಿದೀಯ."

ಭಾನುವಾರ ಬಾಡಿಗೆ ಕಾರಿನಲ್ಲಿ ಹೊರಟೆವು. ಒಳ್ಳೆಯ ಬಿಸಿಲು. ಟ್ರಕ್ಕು ಪಕ್ಕಕ್ಕೆ ಬಂದಾಗಲೆಲ್ಲ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಚಿತ್ರವನ್ನು ಯಾರ ಬಳಿ ರಿಪೇರಿ ಮಾಡಿಸಬಹುದು ಎಂದು ಇವರು ಮಾತಾಡುತ್ತಲೇ ಇದ್ದರು. ನನಗೆ ಒಂದೇ ಒಂದು ಮಾತು ಕೇಳಬೇಕಿತ್ತು.

ಮನೆಗೆ ಬಂದು ಬಟ್ಟೆ ಬದಲಿಸುವ ಮೊದಲೇ ಚಿತ್ರ ತೂಗುಹಾಕಲು ಸುತ್ತಿಗೆ ಹುಡುಕಿದರು. ಮೊಳೆ ನನ್ನ ಕೈಯಲ್ಲಿತ್ತು.

"ಮತ್ತೆ ಹಾಗೇ ಆದ್ರೆ ಹೋಗ್ತೀರಾ?"

ಅವರು ಗೋಡೆ ನೋಡಿದರು. "ಸುಳ್ಳು ಹೇಳ್ಲಾ?"

"ಬೇಡ."

"ಗೊತ್ತಿಲ್ಲ ಕಣೇ."

ನಾನು ಮೊಳೆ ಕೊಡಲಿಲ್ಲ. ಚಿತ್ರ ಇಂದಿಗೂ ಬಟ್ಟೆ ಕಪಾಟಿನ ಪಕ್ಕ ಗೋಡೆಗೆ ಮುಖ ಮಾಡಿ ನಿಂತಿದೆ, ಮೇಲೆ ಆ ಸೀರೆ. ಅವರು ಮೊಳೆ ಕೇಳಿಲ್ಲ. ನಾನು ಸೀರೆ ಕೇಳಿಲ್ಲ.