ಲಾನಕ್ಕ ಹಾವಿಗೆ ಉಣ್ಣಿಸಿದ್ದು

ಶಮ್ ಶುಯ್ ಪೊ ಪೇಟೆಯಲ್ಲಿ ನಲವತ್ತು ವರ್ಷ ಹಾವಿನ ಸೂಪು ಮಾರಿದ ಔ ಸಿಯು ಲಾನ್‌ಳನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಲಾನಕ್ಕ ಎಂದೇ ಕರೆಯುತ್ತಿದ್ದರು. ಅರವತ್ತೇಳು ವಯಸ್ಸು, ಗಿಡ್ಡ ಆಳು, ಬಲಗೈಯ ತೋರುಬೆರಳು ಅರ್ಧ ಇಲ್ಲ. ನಾಗರಹಾವು ತಿಂದಿತೇ ಎಂದು ಯಾರಾದರೂ ಕೇಳಿದರೆ, "ಅದು ಕಚ್ಚಿದ್ದು ಅಷ್ಟೇ, ಕತ್ತರಿಸಿದ್ದು ಡಾಕ್ಟರು. ಸುಮ್ನೆ ಹಾವಿನ ಮೇಲೆ ಯಾಕೆ ಹೇಳ್ತೀರಾ" ಎನ್ನುತ್ತಿದ್ದಳು.

ಅಪ್ಪನಿಗೆ ಗಂಡುಮಕ್ಕಳಿಲ್ಲವೆಂದು ಅಂಗಡಿಗೆ ಇಳಿದವಳಲ್ಲ ಅವಳು. ಇಬ್ಬರು ಅಣ್ಣಂದಿರಿದ್ದರು, ಇಬ್ಬರೂ ಹಾವು ಕಂಡರೆ ಸ್ಟೂಲು ಹತ್ತುತ್ತಿದ್ದರು. ಲಾನಕ್ಕ ಮಾತ್ರ ಗೋಡೆಯುದ್ದಕ್ಕೂ ಇದ್ದ ಮರದ ಡ್ರಾಯರುಗಳಿಗೆ ಕೈಹಾಕಿ, ಒಳಗೆ ನೋಡದೆಯೇ, ಇದು ಕೇರೆ, ಇದು ಕಟ್ಟುಹಾವು, ಇದು ನಾಗರ ಎಂದು ಎಳೆದು ತೆಗೆಯುತ್ತಿದ್ದಳು. ಮೂರು ವರ್ಷದ ಹಿಂದೆ ಆ ಕಟ್ಟಡವನ್ನು ಕೆಡವಿ ಗಾಜಿನ ಗೋಪುರ ಎಬ್ಬಿಸಿದರು. ಅಲ್ಲಿ ಈಗ ಕಾಫಿ ಸಿಗುತ್ತದೆ, ಸೂಪು ಸಿಗುವುದಿಲ್ಲ. ಕೆಡವುವವರ ಕೈಯಿಂದ ಬೈದು ಕಿತ್ತುಕೊಂಡು ತಂದ ಒಂದು ಸಾಲು ಡ್ರಾಯರು ಅವಳ ಮನೆಯಲ್ಲಿದೆ. ಒಂದರಲ್ಲಿ ಸ್ವೆಟರು, ಒಂದರಲ್ಲಿ ಮಂಡಿನೋವಿನ ಎಣ್ಣೆ.

ಈ ಜನವರಿಯಲ್ಲಿ ಪಕ್ಕದ ಕಟ್ಟಡದ ಯಿಪ್ ಮೇಡಂ ಬೆಳಿಗ್ಗೆ ಬೆಳಿಗ್ಗೆಯೇ ಬಂದು ಬಾಗಿಲು ಬಡಿದಳು. ಒಂದು ಮನೆಯನ್ನು ಪ್ಲೈವುಡ್‌ನಿಂದ ಆರು ಗೂಡು ಮಾಡಿ ಆರು ಜನಕ್ಕೆ ಬಾಡಿಗೆ ಕೊಟ್ಟ ಪುಣ್ಯಾತ್ಮೆ ಅವಳು.

"ಲಾನಕ್ಕ, ಬೇಗ ಬನ್ನಿ. ನಮ್ಮ ಬಾಡಿಗೆಯವನು ಫೈ ಇದಾನಲ್ಲ, ಅವನ ರೂಮಲ್ಲಿ ಹಾವಿದೆ."

"ಫೈ ಎಲ್ಲಿ?"

"ಆಸ್ಪತ್ರೇಲಿ. ಮಿನಿಬಸ್ ಓಡಿಸ್ತಾ ಇರೋವಾಗಲೇ ಹೊಟ್ಟೆ ಹಿಡಕೊಂಡು ಬಿದ್ದನಂತೆ. ಅಪೆಂಡಿಕ್ಸ್ ಒಡೆದಿದೆ, ಜ್ವರ ಇಳಿದಿಲ್ಲ, ಯಾರನ್ನೂ ಒಳಗೆ ಬಿಡ್ತಿಲ್ಲ. ನಲ್ಲಿ ಸೋರ್ತಾ ಇದೆಯೇನೋ ಅಂತ ನಾನು ಬೀಗ ತೆಗೆದರೆ ಮಂಚದ ಕೆಳಗೆ ಈ ದರಿದ್ರ."

ಲಾನಕ್ಕ ಹೋಗಿ ಮಂಚದ ಕೆಳಗಿನ ಪ್ಲಾಸ್ಟಿಕ್ ಡಬ್ಬಿಗೆ ಕೈಹಾಕಿದಳು. ಹಾವು ಕಚ್ಚಲಿಲ್ಲ, ಬುಸ್ ಎನ್ನಲಿಲ್ಲ. ತಲೆಯನ್ನು ನಡುವೆ ಹುದುಗಿಸಿಕೊಂಡು ಮೈಯನ್ನೆಲ್ಲ ಅದರ ಸುತ್ತ ಬಿಗಿದು ಚೆಂಡಾಗಿಬಿಟ್ಟಿತು. ಲಾನಕ್ಕನಿಗೆ ತಲೆಯೇ ಓಡಲಿಲ್ಲ. ಅವಳು ಕಂಡ ಹಾವುಗಳಲ್ಲಿ ಕೆಲವು ಕಚ್ಚುತ್ತಿದ್ದವು, ಉಳಿದವು ಓಡುತ್ತಿದ್ದವು. ಇದು ಎರಡೂ ಬಿಟ್ಟು ಮುದುರಿ ಕೂತಿತ್ತು.

ಆದರೂ ಕೈ ತನ್ನ ಕೆಲಸ ಮಾಡಿತು. ಬಾಲದ ಬುಡ ಸವರಿದಾಗ ಎರಡು ಕಡೆ ಸಣ್ಣ ಮುಳ್ಳು ತಾಗಿತು, ಯಾವುದೋ ಕಾಲದ ಕಾಲಿನ ಪಳೆಯುಳಿಕೆ. ಚೆಂಡನ್ನು ಮೆಲ್ಲಗೆ ಸಡಿಲಿಸಿ ಮೂತಿ ನೋಡಿದಳು. ಮೇಲ್ದುಟಿಯಲ್ಲಿ ಸೂಜಿ ಚುಚ್ಚಿದಂತೆ ಸಾಲು ಗುಳಿಗಳು. ಹೆಬ್ಬಾವಿನ ವಂಶ, ಅನುಮಾನವಿಲ್ಲ. ಆದರೆ ಇಲ್ಲಿನ ಗುಡ್ಡದ ಹೆಬ್ಬಾವು ಇಷ್ಟು ದಪ್ಪವಾಗುವಷ್ಟರಲ್ಲಿ ಇದರ ಎರಡರಷ್ಟು ಉದ್ದವಿರುತ್ತದೆ. ಮೈಮೇಲಿನ ಕಂದು ಮಚ್ಚೆಗಳನ್ನೂ ಅವಳು ಎಂದೂ ಕಂಡಿರಲಿಲ್ಲ. ಯಾವ ಸೀಮೆಯದೋ. ಗೊತ್ತಿಲ್ಲ ಎನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ.

"ಗಿಡ್ಡ ಹೆಬ್ಬಾವು," ಎಂದು ಅಲ್ಲೇ ಒಂದು ಹೆಸರು ಹುಟ್ಟಿಸಿದಳು. "ವಿಷ ಇಲ್ಲ."

"ವಿಷ ಇರಲಿ ಬಿಡಲಿ, ಪೊಲೀಸರಿಗೆ ಫೋನ್ ಮಾಡ್ತೀನಿ. ಅವನ ಹಾಸಿಗೆಯನ್ನೂ ಮೆಟ್ಟಿಲಿಗೆ ಎಸೀತೀನಿ."

"ಹೊಟ್ಟೆ ಕೊಯ್ಸಿಕೊಂಡು ಬಂದೋನು ಮೆಟ್ಟಿಲ ಮೇಲೆ ಮಲಗ್ತಾನಾ? ನಾನು ತಗೊಂಡು ಹೋಗ್ತೀನಿ. ಅವನು ಬರೋವರೆಗೆ ನನ್ನ ಜವಾಬ್ದಾರಿ."

ಯಿಪ್ ಮೇಡಂ ಅವಳನ್ನೊಮ್ಮೆ, ಚೆಂಡನ್ನೊಮ್ಮೆ ನೋಡಿದಳು. "ಹೋಗಲಿ. ಅವನು ಬಂದಾಗ ಇದು ಜೀವಂತ ಇರಬೇಕು. ಇಲ್ಲಾಂದ್ರೆ ನಾಳೆ ಅವನು ನನ್ನ ಮೇಲೆ ಹಾರಾಡ್ತಾನೆ, ನಾನು ಅವನನ್ನ ಓಡಿಸಬೇಕಾಗುತ್ತೆ. ಅಕ್ಕ, ಬೇಜಾರು ಮಾಡ್ಕೋಬೇಡಿ, ನಿಮ್ಮ ಮನೆಗೆ ಹೋದ ಹಾವು ವಾಪಸ್ ಬಂದಿದ್ದುಂಟಾ?"

ಮಾತು ಸಂಜೆಯೊಳಗೆ ಬೀದಿಯೆಲ್ಲ ಸುತ್ತಿತು. ತೋಫು ಮಾರುವ ಚೋಯ್ ಅವಳನ್ನು ಕಂಡೊಡನೆ, "ಲಾನಕ್ಕ, ಬಟ್ಟಲು ತೊಳೆದಿಡ್ಲಾ? ಸೂಪಿನ ಮೇಲೆ ಉದುರಿಸೋಕೆ ಸೇವಂತಿಗೆ ಎಸಳು ನಾನು ತರ್ತೀನಿ" ಎಂದ. ಅವನಿಗೆ ತಕ್ಕ ಉತ್ತರ ಸಿಕ್ಕಿತು, ಅದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಲಾನಕ್ಕನಿಗೆ ಒಂದು ಖಾತ್ರಿಯಾಯಿತು. ಹಾವು ತಾನಾಗಿಯೇ ಸತ್ತರೂ ಯಾರೂ ನಂಬುವುದಿಲ್ಲ. ಫೈ ಕೂಡ.

ಅದಕ್ಕೇ ಅವಳು ಮೀನು ಸಾಕುವವರೊಬ್ಬರಿಂದ ದೊಡ್ಡ ಗಾಜಿನ ತೊಟ್ಟಿ ತಂದು, ಬೀದಿಗೆ ಕಾಣುವ ಕಿಟಕಿಯಲ್ಲಿಟ್ಟು, ಮೇಲೊಂದು ಬಲ್ಬು ಉರಿಸಿ, ಹಾವನ್ನು ಅದರಲ್ಲಿ ಬಿಟ್ಟಳು. ನೋಡಿ, ಎಲ್ಲರೂ ನೋಡಿ. ಫೈ ಕೊಟ್ಟಿದ್ದ ಕತ್ತಲೆ ಡಬ್ಬಿಗಿಂತ ಇದು ಅರಮನೆಯೇ ಸರಿ ಎಂದುಕೊಂಡಳು.

ಊಟದ ಪ್ರಶ್ನೆ ಬಂದದ್ದು ಆಮೇಲೆ. ಮಾರುಕಟ್ಟೆಯಲ್ಲಿ ಕಪ್ಪೆಯ ಬುಟ್ಟಿಯ ಮುಂದೆ ನಿಂತಾಗ ಲಾನಕ್ಕನ ತಲೆಗೆ ಹೊಳೆಯಿತು, ತಾನು ಜನ್ಮದಲ್ಲಿ ಒಂದು ಹಾವಿಗೂ ಊಟ ಹಾಕಿಲ್ಲ. ಅಂಗಡಿಗೆ ಬಂದ ಹಾವಿಗೆ ನೀರು ಸಿಗುತ್ತಿತ್ತು, ಬೇರೇನೂ ಇಲ್ಲ. ಮಾರಾಟವಾಗುವವರೆಗೆ ಹಸಿದೇ ಇರುತ್ತಿತ್ತು. ನಲವತ್ತು ವರ್ಷದಲ್ಲಿ ಹಾವಿನ ಹೊಟ್ಟೆ ಕೊಯ್ದಿದ್ದಳೇ ಹೊರತು ತುಂಬಿಸಿರಲಿಲ್ಲ.

ಕಪ್ಪೆ ಇಟ್ಟಳು. ಹಾವು ತಿರುಗಿ ನೋಡಲಿಲ್ಲ. ಮೊಟ್ಟೆ ಇಟ್ಟಳು, ಸಣ್ಣ ಮೀನು ಇಟ್ಟಳು. ಕೋಳಿಮರಿಯೊಂದನ್ನು ಬಿಟ್ಟಳು, ಅದು ಚೆಂಡಿನ ಮೇಲೇ ಹತ್ತಿ ನಿದ್ದೆ ಹೋಯಿತು. ಬೀದಿಯ ಜನ ಗಾಜಿಗೆ ಮೂಗು ಒತ್ತಿ ನಕ್ಕರು. ಎಂಟು ದಿನವಾಯಿತು. ಹಾವಿನ ಬೆನ್ನು ಒಣಗಿದಂತೆ ಕಂಡಿತು. ಅದು ಸಾಯುತ್ತಿದೆ ಎಂದುಕೊಂಡ ಲಾನಕ್ಕ ಅಂದು ತನ್ನ ಅನ್ನದ ಬಟ್ಟಲನ್ನೂ ಮುಚ್ಚಿಟ್ಟಳು.

ಮಿನಿಬಸ್ ಡ್ರೈವರನ್ನು ಹಾವಿನ ವಿಷಯ ಕೇಳುವುದೆಂದರೆ ಅವಳಿಗೆ ಮೂಗು ಕೊಯ್ದುಕೊಟ್ಟಂತೆ. ಕೊಟ್ಟಳು. ಫೈಯ ಜ್ವರ ಇಳಿದಿತ್ತು. ಭೇಟಿಯ ಹೊತ್ತಿಗೆ ಆಸ್ಪತ್ರೆಗೆ ಹೋಗಿ, ಮಂಚದ ಪಕ್ಕ ಕಿತ್ತಳೆ ಹಣ್ಣಿಟ್ಟು, ಸುತ್ತಿನ ರೋಗಿಗಳಿಗೆ ಕೇಳದಂತೆ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು.

ನಲವತ್ತೈದರ ಫೈ ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡ. "ಕೋಳಿಮರಿ ಮಲಗಿತಾ? ಅಕ್ಕ, ನಗಿಸ್ಬೇಡಿ, ಹೊಟ್ಟೆ ಕಿತ್ತು ಬರುತ್ತೆ."

"ನಗು, ನಗು. ಸತ್ತರೆ ಅಳ್ತೀಯ."

"ಸಾಯಲ್ಲ. ಅವನಿಗೆ ಇದು ಮಾಮೂಲಿ. ಆಫ್ರಿಕಾ ಕಡೇ ಹೆಬ್ಬಾವು ಅದು, ಚಳಿಗಾಲದಲ್ಲಿ ಎರಡು ಮೂರು ತಿಂಗಳು ಬೇಕಾದ್ರೂ ಉಪವಾಸ ಕೂರ್ತಾನೆ. ಅದರ ಮೇಲೆ ನೀವು ಅವನನ್ನ ಬೀದೀಲಿ ಕೂರಿಸಿದೀರಿ. ಜನ ನೋಡ್ತಾ ಇದ್ರೆ ಹೆದರಿಕೊಂಡು ಚೆಂಡಾಗ್ತಾನೆ, ಚೆಂಡಾದೋನು ಉಣ್ಣಲ್ಲ. ಅವನ ಹೆಸರು ಸಿಯು ಮಾಯ್."

"ತಿಂಡಿ ಹೆಸರಿಟ್ಟು ನನ್ನ ಮನೆಗೆ ಕಳಿಸ್ತೀಯಲ್ಲೋ. ಈಗೇನು ಮಾಡ್ಲಿ?"

"ಸುತ್ತ ಮೈ ತಾಗೋ ಅಷ್ಟು ಇಕ್ಕಟ್ಟು ಜಾಗ ಬೇಕು, ಕತ್ತಲೆ ಬೇಕು. ನನ್ನ ಮಂಚದ ಕೆಳಗೆ ಕರೆಂಟಿನ ಬಿಸಿ ಚಾಪೆ ಇದೆ, ಅದನ್ನ ಆ ಜಾಗದ ಅರ್ಧ ಭಾಗದ ಕೆಳಗೆ ಮಾತ್ರ ಹಾಕಿ. ಬಿಸಿ ಸಾಕು ಅನ್ನಿಸಿದ್ರೆ ಆ ಕಡೆ ಸರಕೋತಾನೆ. ಕುಡಿಯೋ ನೀರು, ಸ್ವಲ್ಪ ಒದ್ದೆ ಪಾಚಿ. ಐದು ದಿನ ತೆರೆದು ನೋಡಬಾರದು, ಮುಟ್ಟಬಾರದು. ಆಮೇಲೆ ಒಂದು ಇಲಿ."

"ಇಲಿ ಎಲ್ಲಿ ಹಿಡೀಲಿ?"

ಫೈ ಇನ್ನೂ ತಗ್ಗಿದ ದನಿಯಲ್ಲಿ ಹೇಳಿದ. "ನಮ್ಮ ಆರೂ ಜನದ ಫ್ರಿಜ್ಜಿನಲ್ಲಿ, ಮೀನುಂಡೆ ಪ್ಯಾಕೆಟ್ಟಲ್ಲಿ. ಅಂಗಡಿಯಿಂದ ತಂದ ಸತ್ತ ಇಲಿ, ಐಸ್ ಆಗಿದೆ. ಬಿಸಿನೀರಲ್ಲಿ ಮೈ ಬೆಚ್ಚಗಾಗೋವರೆಗೆ ಇಟ್ಟು, ಚಿಮಟದಲ್ಲಿ ಹಿಡಿದು ಕೊಡಿ. ಯಿಪ್ ಮೇಡಂಗೆ ಮಾತ್ರ ಹೇಳ್ಬೇಡಿ."

ಲಾನಕ್ಕ ಫೈಯ ಬಿಸಿ ಚಾಪೆ, ಮೀನುಂಡೆ ಪ್ಯಾಕೆಟ್ಟು ತೆಗೆದುಕೊಂಡು ಮನೆಗೆ ಬಂದು, ಒಂದು ಡ್ರಾಯರಿನ ಸ್ವೆಟರುಗಳನ್ನು ಎತ್ತಿಹಾಕಿ, ಚಾಪೆಯನ್ನು ಅರ್ಧಕ್ಕೆ ಹಾಸಿದಳು. ನಂತರ ಕಿಟಕಿಯ ಬಲ್ಬು ಆರಿಸಿದಳು. ತೊಟ್ಟಿ ಖಾಲಿಯಾದರೆ ಬೀದಿ ಏನು ಹೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹಾಳಾಗಿ ಹೋಗಲಿ ಬೀದಿ ಎಂದು ಹಾವನ್ನೆತ್ತಿ ಡ್ರಾಯರಿಗೆ ಸೇರಿಸಿದಳು.

ಅವಳು ಅಂದುಕೊಂಡದ್ದನ್ನೇ ಬೀದಿ ಹೇಳಿತು. ಮರುದಿನ ಚೋಯ್ ಏನೂ ತಮಾಷೆ ಮಾಡಲಿಲ್ಲ, ಸುಮ್ಮನೆ ತೋಫು ಕಟ್ಟಿಕೊಟ್ಟ. ತಮಾಷೆಗಿಂತ ಅದೇ ಹೆಚ್ಚು ಉರಿಯಿತು. ತೆರೆದು ತೋರಿಸಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಕೈ ಡ್ರಾಯರಿನ ಹಿಡಿಯವರೆಗೆ ಹೋಗಿ ವಾಪಸು ಬಂತು.

ಆರನೆಯ ದಿನ ಮಧ್ಯಾಹ್ನ ಅವಳು ಇಲಿಯನ್ನು ಬೆಚ್ಚಗೆ ಮಾಡಿ, ಡ್ರಾಯರನ್ನು ಒಂದು ಗೇಣು ಎಳೆದು ಚಿಮಟ ಚಾಚಿದಳು. ಹಾವು ಮುಟ್ಟಲಿಲ್ಲ. ಕಾಲು ಗಂಟೆ ಹಿಡಿದು ತೋಳು ಸೋತಿತು. ಇಲಿಯನ್ನು ಒಳಗೇ ಬಿಟ್ಟು ಮುಚ್ಚುವಷ್ಟರಲ್ಲಿ ಯಿಪ್ ಮೇಡಂ ಬಾಗಿಲಲ್ಲಿ ನಿಂತಿದ್ದಳು.

"ಫೈ ನಾಡಿದ್ದು ಬರ್ತಾನಂತೆ. ಹಾವು ತೋರಿಸಿ."

"ಈಗ ತೆಗೆಯೋ ಹಾಗಿಲ್ಲ. ಊಟದ ಹೊತ್ತು."

"ಯಾರ ಊಟ, ಅಕ್ಕ? ನೇರವಾಗಿ ಹೇಳಿಬಿಡಿ. ಸೂಪು ಮಾಡಿದ್ರಾ?"

ಲಾನಕ್ಕ ಡ್ರಾಯರಿಗೆ ಬೆನ್ನು ಕೊಟ್ಟು ನಿಂತಳು. "ಹಾಗೇ ಅಂದ್ಕೋ. ಹೊರಗೆ ಹೋಗಿ ಎಲ್ಲರಿಗೂ ಹೇಳು. ತೆಗೆಯಲ್ಲ ಅಂದ್ರೆ ತೆಗೆಯಲ್ಲ."

ಆಗ ಅವಳ ಬೆನ್ನ ಹಿಂದೆ ಮರಕ್ಕೆ ಏನೋ ಧಡ್ಡೆಂದು ಬಡಿಯಿತು. ಡ್ರಾಯರು ಅಲುಗಿತು. ಆಮೇಲೆ ಒಳಗೆ ಭಾರವಾದದ್ದೊಂದು ಸುತ್ತಿಕೊಳ್ಳುವ ಸರಸರ ಸದ್ದು.

ಯಿಪ್ ಮೇಡಂ ಎರಡು ಹೆಜ್ಜೆ ಹಿಂದೆ ಸರಿದಳು. ಲಾನಕ್ಕ ನಕ್ಕಳು, ಹದಿನಾಲ್ಕು ದಿನದಿಂದ ತಡೆದಿಟ್ಟಿದ್ದ ನಗು. "ಕೇಳ್ತಾ? ನಿನ್ನ ಸೂಪು ಊಟ ಮಾಡ್ತಾ ಇದೆ."

"ಏನು ತಿಂತಾ ಇದೆ?"

"ಮೀನುಂಡೆ."

ಇಬ್ಬರೂ ಸ್ಟೂಲು ಎಳೆದು ಕೂತರು. ಲಾನಕ್ಕ ಚಹಾ ಬಗ್ಗಿಸಿದಳು. ಯಿಪ್ ಮೇಡಂ ಬಟ್ಟಲು ಹಿಡಿದು ಬಹಳ ಹೊತ್ತು ಡ್ರಾಯರಿನ ಕಡೆಗೇ ಕಿವಿಗೊಟ್ಟಿದ್ದಳು. ಕೊನೆಗೆ ಪಿಸುದನಿಯಲ್ಲಿ ಕೇಳಿದಳು.

"ಫೈ ರೂಮಿನ ಕಿಟಕಿ ಮುಚ್ಚೋಕೆ ಬರಲ್ಲ, ಸಂದಿಯಿಂದ ಗಾಳಿ ನುಗ್ಗುತ್ತೆ. ವಾಪಸ್ ಬಂದ ಮೇಲೆ ಇದಕ್ಕೆ ಚಳಿ ಆಗಲ್ವಾ ಅಕ್ಕ?"

"ಆಗುತ್ತೆ," ಎಂದಳು ಲಾನಕ್ಕ. "ಹತ್ತು ವರ್ಷದಿಂದ ಫೈಗೂ ಆಗ್ತಾ ಇದೆ."